ಬರೆ ಜರಿದೀತೇ, ಮಳೆ ಬಂದೀತೇ? ಬೇಯ್ಸ್ ಜಾಲದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಅನಿಶ್ಚಿತ ಸಂದರ್ಭದಲ್ಲಿ ಅಪಾಯವನ್ನು ಅಂದಾಜು ಮಾಡಿ ನಿರ್ಧಾರಕ್ಕೆ ಬರಲು ಬಳಸುವ ಬೇಯ್ಸ್ ಜಾಲದ (ಬೇಸಿಯನ್ ನೆಟ್‌ವರ್ಕ್) ಕುರಿತು ಕೊಡಗಿನ ಓದುಗರು ಬರೆದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಈ ಬಾರಿ ಉತ್ತರಿಸಲಾಗಿದೆ. ಲೆಕ್ಕಗಳಲ್ಲಿ ಬರುವ ಶೇಕಡಾವಾರು ಮತ್ತು ರೂಪಾಯಿಯ ಅಂಕಿಗಳು ಲೆಕ್ಕದ ದಾರಿಯನ್ನು ತೋರಿಸಲು ಇಟ್ಟುಕೊಂಡವು. ಅವು ಯಾವುದೇ ಬೆಟ್ಟದ ಅಥವಾ ತೋಟದ ಅಳತೆಗಳಲ್ಲ.

ಪ್ರಶ್ನೆ: ಬೆಳೆಗಾರರ ಸಭೆಯೊಂದರಲ್ಲಿ ‘ಬೇಸಿಯನ್ ನೆಟ್‌ವರ್ಕ್’ ಎಂಬ ಮಾತು ಕೇಳಿದೆ. ನನ್ನ ಮೊಬೈಲಿನ ಆ್ಯಪ್ ‘ಮಳೆಯ ಸಾಧ್ಯತೆ ಶೇ 60’ ಎಂದು ತೋರಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಇದನ್ನು ರೂಪಿಸಿದವರು ಯಾರು?
– ಓದುಗರು, ಸುಂಟಿಕೊಪ್ಪ

ಉತ್ತರ: ಮೊಬೈಲು ತೋರಿಸುವ ಶೇ 60 ಎಂಬುದು ಒಂದು ಘಟನೆಯ ಬಗೆಗಿನ ಒಂದು ಅಂಕಿ ಮಾತ್ರ. ಆ ಅಂಕಿ ಏಕೆ ಬಂತು, ನಾಳೆ ಬೆಳಿಗ್ಗೆ ಹೊಸ ಸಂಗತಿಯೊಂದು ತಿಳಿದರೆ ಅದು ಎಷ್ಟು ಬದಲಾಗಬೇಕು, ಮಳೆ ಬಂದದ್ದೇ ಆದರೆ ನಿಮ್ಮ ತೋಟಕ್ಕೋ ಮನೆಗೋ ಏನಾದೀತು ಎಂಬ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಬೇಯ್ಸ್ ಜಾಲದಲ್ಲಿ ಒಂದಕ್ಕೊಂದು ಸಂಬಂಧವಿರುವ ಹಲವು ಸಂಗತಿಗಳನ್ನು ಒಂದೇ ಚಿತ್ರದಲ್ಲಿ ಇಡುತ್ತಾರೆ. ಪ್ರತಿ ಸಂಗತಿಗೂ ಒಂದು ಗಂಟು, ಅಂದರೆ ಚಿತ್ರದಲ್ಲಿ ಒಂದು ಬಿಂದು, ಇರುತ್ತದೆ. ಒಂದು ಸಂಗತಿ ಇನ್ನೊಂದರ ಮೇಲೆ ನೇರವಾಗಿ ಪ್ರಭಾವ ಬೀರುತ್ತದೆ ಎಂದು ತಿಳಿದಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ಬಾಣ ಎಳೆಯುತ್ತಾರೆ. ಬಾಣಗಳ ಗುಂಟ ಸಾಗಿದರೆ ಹೊರಟ ಗಂಟಿಗೇ ಮರಳಿ ಬರುವಂತಿರಬಾರದು ಎಂಬುದೊಂದೇ ಇಲ್ಲಿನ ಕಟ್ಟುನಿಟ್ಟಿನ ನಿಯಮ. ಪ್ರತಿ ಗಂಟಿನ ಜೊತೆಗೆ, ಅದಕ್ಕೆ ಬಾಣ ಕಳಿಸುವ ಗಂಟುಗಳು ಯಾವ ಸ್ಥಿತಿಯಲ್ಲಿದ್ದರೆ ಇದು ಎಷ್ಟು ಸಂಭವನೀಯ ಎಂದು ಹೇಳುವ ಒಂದು ಕೋಷ್ಟಕ ಇರುತ್ತದೆ.

ಒಂದು ಮನೆಯ ಹಿಂದಿನ ಬರೆಯ (ಕಡಿದಾದ ಮಣ್ಣಿನ ಇಳಿಜಾರಿನ) ಚಿತ್ರವನ್ನು ಬರೆಯುವುದಾದರೆ ಭಾರೀ ಮಳೆ, ಕಟ್ಟಿಕೊಂಡ ಮೋರಿ, ಬರೆಯ ಚಲನೆ, ಅಂಗಳದ ಬಿರುಕು, ಊಟೆಯ (ನೆಲದಿಂದ ಉಕ್ಕುವ ನೀರಿನ ಸೆಲೆಯ) ಕೆಸರುನೀರು ಎಂದು ಐದು ಗಂಟುಗಳನ್ನು ಇಟ್ಟುಕೊಳ್ಳಬಹುದು. ಮಳೆಯಿಂದಲೂ ಮೋರಿಯಿಂದಲೂ ಬರೆಗೆ ಬಾಣ, ಬರೆಯಿಂದ ಬಿರುಕಿಗೂ ಕೆಸರುನೀರಿಗೂ ಬಾಣ, ಮೋರಿಯಿಂದ ಕೆಸರುನೀರಿಗೆ ಇನ್ನೊಂದು ಬಾಣ. ಯಾವ ಸಂಬಂಧವನ್ನೂ ಊಹಿಸಿಕೊಳ್ಳದೆ ಈ ಐದು ಹೌದು-ಅಲ್ಲ ಸಂಗತಿಗಳ ಎಲ್ಲ ಜೋಡಣೆಗಳಿಗೆ ಸಂಭವನೀಯತೆ ಬರೆಯಲು ಹೊರಟರೆ 31 ಅಂಕಿಗಳು ಬೇಕಾಗುತ್ತವೆ. ಈ ಬಾಣಗಳನ್ನು ಒಪ್ಪಿಕೊಂಡರೆ 12 ಸಾಕು. ಉಳಿತಾಯ ಸಣ್ಣದೆಂದು ತೋರಬಹುದು, ಆದರೆ ಗಂಟುಗಳು 20 ಆದಾಗ ಮೊದಲ ದಾರಿಯಲ್ಲಿ 10,48,575 ಅಂಕಿಗಳು ಬೇಕು. ಪ್ರತಿ ಗಂಟಿಗೆ ಬರುವ ಬಾಣಗಳು ಮೂರನ್ನು ಮೀರದಿದ್ದರೆ ಎರಡನೆಯ ದಾರಿಯಲ್ಲಿ 160ರ ಒಳಗೇ ಕೆಲಸ ಮುಗಿಯುತ್ತದೆ. ಆದ್ದರಿಂದ ಎಳೆದ ಬಾಣಗಳಷ್ಟೇ ಎಳೆಯದೆ ಬಿಟ್ಟ ಬಾಣಗಳಿಗೂ ಇಲ್ಲಿ ಬೆಲೆ ಇದೆ.

ಹೊಸ ಸಾಕ್ಷ್ಯ ಸಿಕ್ಕಾಗ ಹಳೆಯ ಅಂದಾಜನ್ನು ತಿದ್ದುವ ಸೂತ್ರವು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಅವರದು. ಅವರು ತೀರಿಕೊಂಡದ್ದು 1761ರಲ್ಲಿ. ಪ್ರಬಂಧವನ್ನು ಸ್ನೇಹಿತ ರಿಚರ್ಡ್ ಪ್ರೈಸ್ ಮುಂದೆ ತಂದದ್ದರಿಂದ ಅದು 1763ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಫ್ರಾನ್ಸಿನ ಲಾಪ್ಲಾಸ್ ಅದನ್ನು ಗಣಿತದ ಗಟ್ಟಿ ಸಾಧನವಾಗಿ ಬೆಳೆಸಿದರು. ಬಾಣ-ಗಂಟುಗಳ ಚಿತ್ರಕ್ಕೆ 1985ರಲ್ಲಿ ‘ಬೇಸಿಯನ್ ನೆಟ್‌ವರ್ಕ್’ ಎಂದು ಹೆಸರಿಟ್ಟವರು ಅಮೆರಿಕದ ಗಣಕವಿಜ್ಞಾನಿ ಜೂಡಿಯಾ ಪರ್ಲ್. ಈ ಬಗೆಯ ಕೆಲಸಕ್ಕಾಗಿ 2011ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು.

ಪ್ರಶ್ನೆ: ನಮ್ಮ ಮನೆ ಮಡಿಕೇರಿ ಸಮೀಪದ ಇಳಿಜಾರಿನಲ್ಲಿದೆ. 2018ರ ನಂತರ ಪ್ರತಿ ಮಳೆಗಾಲದಲ್ಲಿಯೂ ರೆಡ್ ಅಲರ್ಟ್ ಬರುತ್ತದೆ, ನೆಂಟರ ಮನೆಗೆ ಹೋಗುತ್ತೇವೆ, ಏನೂ ಆಗದೆ ಮರಳುತ್ತೇವೆ. ಹೀಗೆ ಹಲವು ಸಲ ಆದ ಮೇಲೆ ಎಚ್ಚರಿಕೆಯನ್ನು ನಂಬುವುದು ಹೇಗೆ? ಬೇಯ್ಸ್ ಜಾಲ ಇಂಥಲ್ಲಿ ಏನಾದರೂ ಹೇಳುತ್ತದೆಯೇ?
– ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ಮೊದಲು ಒಂದು ಸ್ಪಷ್ಟನೆ ಅಗತ್ಯ. ಹವಾಮಾನ ಇಲಾಖೆಯ ಎಚ್ಚರಿಕೆ ಮಳೆಗೆ ಸಂಬಂಧಿಸಿದ್ದು, ನಿಮ್ಮ ಬರೆಗೆ ಅಲ್ಲ. 24 ಗಂಟೆಗಳಲ್ಲಿ 204.5 ಮಿಲಿಮೀಟರಿನಷ್ಟು ಅಥವಾ ಅದಕ್ಕಿಂತ ಹೆಚ್ಚು ಸುರಿಯುವುದನ್ನು ಇಲಾಖೆ ‘ಅತ್ಯಂತ ಭಾರೀ ಮಳೆ’ ಎಂದು ವರ್ಗೀಕರಿಸುತ್ತದೆ. ಅಷ್ಟು ಮಳೆ ಬಂದೂ ನಿಮ್ಮ ಬರೆ ನಿಂತಿದ್ದರೆ ಎಚ್ಚರಿಕೆ ಸುಳ್ಳಾಯಿತೆಂದು ಅರ್ಥವಲ್ಲ. ಮಳೆಯ ಗಂಟಿನಿಂದ ಬರೆಯ ಗಂಟಿಗೆ ಹೋಗುವ ಬಾಣದ ಕೋಷ್ಟಕದಲ್ಲಿ ‘ಕುಸಿಯುತ್ತದೆ’ ಎಂಬಲ್ಲಿನ ಅಂಕಿ ಚಿಕ್ಕದು ಎಂದಷ್ಟೇ ಅರ್ಥ. ಅಂತಹ ಒಂದು ರಾತ್ರಿಯಲ್ಲಿ ನಿಮ್ಮ ಬರೆ ಜರಿಯುವ ಸಂಭವ ಶೇ 2 ಎಂದು ಇಟ್ಟುಕೊಳ್ಳೋಣ. ಹತ್ತು ಎಚ್ಚರಿಕೆಗಳಲ್ಲಿ ಒಮ್ಮೆಯೂ ಜರಿಯದಿರುವ ಸಂಭವ ಆಗ ಸುಮಾರು ಶೇ 82 ಆಗುತ್ತದೆ. ಎಂದರೆ ಹತ್ತು ಸಲ ಸುಮ್ಮನೆ ಮರಳಿದ ಅನುಭವವು ಶೇ 2ರ ಅಂದಾಜಿಗೆ ವಿರುದ್ಧವಾದ ಸಾಕ್ಷ್ಯವೇನೂ ಅಲ್ಲ. ಮನುಷ್ಯರ ಮನಸ್ಸು ಹತ್ತು ಸಲಕ್ಕೇ ಬೇಸತ್ತು ಸೊನ್ನೆ ಎಂದು ಬರೆದುಕೊಳ್ಳುತ್ತದೆ. ಲೆಕ್ಕ ಹಾಗೆ ಬರೆದುಕೊಳ್ಳುವುದಿಲ್ಲ.

ಇನ್ನು ಸಾಕ್ಷ್ಯಗಳ ವಿಷಯ. ಇಂಥ 1000 ರಾತ್ರಿಗಳನ್ನು ಊಹಿಸಿಕೊಳ್ಳಿ. ಶೇ 2ರ ಪ್ರಕಾರ 20 ರಾತ್ರಿಗಳಲ್ಲಿ ಬರೆ ಚಲಿಸುತ್ತಿರುತ್ತದೆ, 980ರಲ್ಲಿ ಇಲ್ಲ. ಚಲಿಸುತ್ತಿರುವಾಗ ಅಂಗಳದಲ್ಲಿ ಹೊಸ ಬಿರುಕು ಕಾಣುವ ಸಂಭವ ಶೇ 70, ಚಲಿಸದಿರುವಾಗ ಮಣ್ಣು ಕುಗ್ಗಿಯೋ ಹಿಗ್ಗಿಯೋ ಬಿರುಕು ಕಾಣುವ ಸಂಭವ ಶೇ 5 ಎನ್ನೋಣ. ಬಿರುಕು ಕಂಡ ರಾತ್ರಿಗಳು ಕ್ರಮವಾಗಿ 14 ಮತ್ತು 49, ಒಟ್ಟು 63. ಆದ್ದರಿಂದ ಬಿರುಕು ಕಂಡ ಮೇಲೆ ಬರೆ ಚಲಿಸುತ್ತಿರುವ ಸಂಭವ 63ರಲ್ಲಿ 14, ಅಂದರೆ ಶೇ 22. ಮರುಗಳಿಗೆಯೇ ಮನೆಯ ಕೆಳಗಿನ ಊಟೆಯಲ್ಲಿ ಕೆಸರುನೀರು ಬರತೊಡಗಿತು ಎನ್ನಿ. ಬರೆ ಚಲಿಸುವಾಗ ಇದರ ಸಂಭವ ಶೇ 60, ಇಲ್ಲದಾಗ ಶೇ 10 ಆದರೆ ಅಂದಾಜು ಶೇ 63ಕ್ಕೆ ಏರುತ್ತದೆ. ಎರಡರಿಂದ ಇಪ್ಪತ್ತೆರಡು, ಅಲ್ಲಿಂದ ಅರವತ್ತಮೂರು: ಎರಡು ಸಾಧಾರಣ ಸಾಕ್ಷ್ಯಗಳು ಸೇರಿ ಚಿತ್ರವನ್ನು ಇಷ್ಟು ಬದಲಾಯಿಸುತ್ತವೆ.

ಇಲ್ಲಿಯವರೆಗಿನ ಲೆಕ್ಕಕ್ಕೆ ಜಾಲವೇ ಬೇಕಾಗಿರಲಿಲ್ಲ, ಬೇಯ್ಸ್ ಸೂತ್ರವೊಂದೇ ಸಾಕಿತ್ತು. ಜಾಲದ ಅಗತ್ಯ ಕಾಣುವುದು ಮುಂದಿನ ಹೆಜ್ಜೆಯಲ್ಲಿ. ರಸ್ತೆಯಂಚಿನ ಮೋರಿ ಕಸ ತುಂಬಿ ಕಟ್ಟಿಕೊಂಡಿರುವುದು ನಿಮ್ಮ ಕಣ್ಣಿಗೆ ಬಿತ್ತು ಎಂದುಕೊಳ್ಳಿ. ಉಕ್ಕಿದ ಮೋರಿಯ ನೀರೇ ಮಣ್ಣು ಕದಡಿಕೊಂಡು ಊಟೆಗೆ ಸೇರಿರಬಹುದಾದ್ದರಿಂದ ಕೆಸರುನೀರಿಗೆ ಇನ್ನೊಂದು ಕಾರಣ ಸಿಕ್ಕಂತಾಯಿತು. ಮೋರಿ ಕಟ್ಟಿಕೊಂಡಾಗ ಕೆಸರುನೀರಿನ ಸಂಭವ ಬರೆ ಚಲಿಸದಿದ್ದರೂ ಶೇ 50, ಚಲಿಸುತ್ತಿದ್ದರೆ ಶೇ 80 ಎಂದಿಟ್ಟರೆ ಅಂದಾಜು ಶೇ 63ರಿಂದ ಶೇ 31ಕ್ಕೆ ಇಳಿಯುತ್ತದೆ. ಒಂದು ಪರಿಣಾಮಕ್ಕೆ ಎರಡು ಕಾರಣಗಳಿದ್ದು ಒಂದು ಖಚಿತವಾದಾಗ ಇನ್ನೊಂದರ ಮೇಲಿನ ಸಂಶಯ ತಗ್ಗುವ ಈ ನಡೆ ಬೇಯ್ಸ್ ಜಾಲದ ವಿಶಿಷ್ಟ ಗುಣ. ಆದರೆ ಇಲ್ಲಿಗೇ ನಿಂತು ನೆಮ್ಮದಿಪಟ್ಟರೆ ಅಪಾಯವಿದೆ. ಮೋರಿಯ ನೀರು ಊಟೆಯನ್ನು ಕದಡುವುದಷ್ಟೇ ಅಲ್ಲ, ಬರೆಯೊಳಗೂ ಇಂಗುತ್ತದೆ. ನಮ್ಮ ಚಿತ್ರದಲ್ಲಿ ಮೋರಿಯಿಂದ ಬರೆಗೂ ಒಂದು ಬಾಣ ಇದೆಯಷ್ಟೆ. ಅದನ್ನು ಲೆಕ್ಕಕ್ಕೆ ತಂದು, ಮೋರಿ ಕಟ್ಟಿಕೊಂಡ ರಾತ್ರಿಗಳಲ್ಲಿ ಬರೆ ಜರಿಯುವ ಮೂಲ ಸಂಭವ ಶೇ 2ರ ಬದಲು ಶೇ 4 ಎಂದಿಟ್ಟರೆ ಅಂದಾಜು ಮತ್ತೆ ಶೇ 48ಕ್ಕೆ ಏರುತ್ತದೆ. ಕಂಡ ಸಂಗತಿಗಳು ಅವೇ, ಒಂದು ಬಾಣವನ್ನು ಮರೆತರೆ 31, ನೆನಪಿಟ್ಟರೆ 48. ಅಂಕಿಗಳ ಬಗ್ಗೆ ಜಗಳವಾಡುವ ಮೊದಲು ಬಾಣಗಳ ಬಗ್ಗೆ ಜಗಳವಾಡಿ ಎಂದು ನಾನು ಹೇಳುವುದು ಇದಕ್ಕಾಗಿ.

ಮನೆ ಬಿಡಬೇಕೇ ಎಂಬುದು ಬೇರೆಯೇ ಪ್ರಶ್ನೆ, ಏಕೆಂದರೆ ಅದಕ್ಕೆ ಸಂಭವದ ಜೊತೆ ನಷ್ಟವೂ ಸೇರಬೇಕು. ಒಂದು ರಾತ್ರಿ ನೆಂಟರ ಮನೆಗೆ ಹೋಗಲು ಜೀಪಿನ ಬಾಡಿಗೆ, ದನಕರುಗಳ ವ್ಯವಸ್ಥೆ, ಮರುದಿನದ ಕೆಲಸದ ನಷ್ಟ ಎಲ್ಲ ಸೇರಿ 5,000 ರೂಪಾಯಿ ಎನ್ನಿ. ಉಳಿದುಕೊಂಡು ಬರೆ ಜರಿದರೆ ಆಗುವ ಹಾನಿಗೆ, ಜೀವಕ್ಕೆ ಬೆಲೆ ಕಟ್ಟಲಾಗದು ಎಂಬುದನ್ನು ಪಕ್ಕಕ್ಕಿಟ್ಟು, ತೀರಾ ಕಡಿಮೆ ಎಂದರೂ 20 ಲಕ್ಷ ರೂಪಾಯಿ ಎನ್ನಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಶೇ 0.25 ಬರುತ್ತದೆ, ಸಂಭವ ಈ ಗೆರೆಯನ್ನು ದಾಟಿದರೆ ಹೊರಡುವುದೇ ಲಾಭ. ಬಿರುಕು, ಕೆಸರುನೀರು ಯಾವುದೂ ಕಾಣುವ ಮೊದಲಿನ ಶೇ 2 ಕೂಡ ಈ ಗೆರೆಯ ಎಂಟು ಪಟ್ಟು ಇದೆ. ಹಾಗಾಗಿ 31 ಸರಿಯೋ 48 ಸರಿಯೋ ಎಂಬ ಚರ್ಚೆ ಭೂವಿಜ್ಞಾನಿಗೆ ಮುಖ್ಯ, ಆ ರಾತ್ರಿ ನಿಮಗೆ ಅನಗತ್ಯ. ಜಿಲ್ಲಾಡಳಿತ ಸ್ಥಳಾಂತರಕ್ಕೆ ಸೂಚಿಸಿದಾಗಲಂತೂ ಲೆಕ್ಕ ಹಾಕುತ್ತ ಕೂರಬೇಕಿಲ್ಲ. 2018ರಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಬೆಟ್ಟ ಜರಿದದ್ದೆಲ್ಲ ಆಗಸ್ಟ್ ತಿಂಗಳಲ್ಲೇ, ದಿನಗಟ್ಟಲೆ ಸುರಿದ ಮಳೆಯ ನಡುವೆ. ಆದ್ದರಿಂದ ನಿಮ್ಮ ಚಿತ್ರದಲ್ಲಿ ‘ಇಂದಿನ ಮಳೆ’ಯ ಜೊತೆ ‘ಹಿಂದಿನ ದಿನಗಳ ಒಟ್ಟು ಮಳೆ’ ಎಂಬ ಗಂಟನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನಾನು ಸಂಖ್ಯಾಶಾಸ್ತ್ರ ಕಲಿಸುವವನು. ಕೋಷ್ಟಕಗಳಲ್ಲಿ ತುಂಬುವ ಅಂಕಿಗಳು ಎಲ್ಲಿಂದ ಬರಬೇಕು? ಒಂದು ಬರೆ ಒಮ್ಮೆ ಮಾತ್ರ ಜರಿಯುತ್ತದೆ. ಅದಕ್ಕೆ ಆವೃತ್ತಿ (ಎಷ್ಟು ಸಲ ಮರುಕಳಿಸುತ್ತದೆ ಎಂಬ ಲೆಕ್ಕ) ಎಂಬುದೇ ಇಲ್ಲವಲ್ಲ?
– ಉಪನ್ಯಾಸಕರು, ವಿರಾಜಪೇಟೆ

ಉತ್ತರ: ತಾವು ಎತ್ತಿರುವ ಆಕ್ಷೇಪ ಹಳೆಯದು, ನ್ಯಾಯವಾದದ್ದೂ ಹೌದು. ಬೇಯ್ಸ್ ಪಂಥದವರು ಸಂಭವನೀಯತೆಯನ್ನು ಆವೃತ್ತಿ ಎಂದಷ್ಟೇ ಅಲ್ಲ, ಲಭ್ಯ ಮಾಹಿತಿಯ ಮೇಲೆ ನಿಂತ ನಂಬಿಕೆಯ ಪ್ರಮಾಣ ಎಂದೂ ತೆಗೆದುಕೊಳ್ಳುತ್ತಾರೆ. ಒಮ್ಮೆ ಮಾತ್ರ ನಡೆದ ಘಟನೆಗೆ ಇದು ಹೇಗೆ ಅನ್ವಯಿಸುತ್ತದೆ ಎನ್ನಲು ಒಳ್ಳೆಯ ನಿದರ್ಶನ ರಿಯೊದಿಂದ ಪ್ಯಾರಿಸಿಗೆ ಹೊರಟು 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದಲ್ಲಿ ಬಿದ್ದ ಏರ್ ಫ್ರಾನ್ಸ್ 447 ವಿಮಾನದ ಹುಡುಕಾಟ. ಅದರಲ್ಲಿದ್ದ 228 ಮಂದಿಯೂ ಸತ್ತರು, ಸಾಗರತಳ ಸೇರಿದ್ದ ಮುಖ್ಯ ಅವಶೇಷಗಳು ಸುಮಾರು ಎರಡು ವರ್ಷ ಸಿಗಲಿಲ್ಲ. ಅಲ್ಲಿಯವರೆಗಿನ ವಿಫಲ ಹುಡುಕಾಟಗಳನ್ನೂ ಸಾಕ್ಷ್ಯವಾಗಿ ಸೇರಿಸಿಕೊಂಡು, ಸಂಕೇತ ಕಳಿಸಬೇಕಿದ್ದ ಉಪಕರಣಗಳೇ ಕೆಟ್ಟಿರಬಹುದೆಂಬ ಸಾಧ್ಯತೆಗೂ ಜಾಗ ಕೊಟ್ಟು ಬೇಯ್ಸ್ ಕ್ರಮದಲ್ಲಿ ಸಾಗರತಳದ ಸಂಭವ ನಕ್ಷೆಯನ್ನು ಮತ್ತೆ ಬರೆದಾಗ, ಮೊದಲೇ ಆಲಿಸಿ ಏನೂ ಇಲ್ಲವೆಂದು ಬಿಟ್ಟಿದ್ದ ಪ್ರದೇಶದ ತೂಕ ಹೆಚ್ಚಿತು. ಶೋಧ ಪುನಃ ಆರಂಭವಾದ ಕೆಲವೇ ದಿನಗಳಲ್ಲಿ, 2011ರ ಏಪ್ರಿಲ್‌ನಲ್ಲಿ, ಅವಶೇಷಗಳು ಸಿಕ್ಕವು.

ನಮ್ಮ ನೆಲದ ಮಟ್ಟಿಗೆ ಹೇಳುವುದಾದರೆ, ದಾಖಲೆ ಇದ್ದಲ್ಲಿ ದಾಖಲೆಯಿಂದ, ಇಲ್ಲದಲ್ಲಿ ತಿಳಿದವರಿಂದ, ನೆಲದೊಳಗಿನ ನೀರಿನ ಒತ್ತಡದಂತಹ ವಿಷಯಗಳಲ್ಲಿ ಭೌತಿಕ ಲೆಕ್ಕದಿಂದ ಅಂಕಿಗಳು ಬರಬೇಕು. ತಿಳಿದವರ ಅಂದಾಜನ್ನು ದಾಖಲೆಯ ಜೊತೆ ಬೆರೆಸುವ ಸರಳ ಕ್ರಮವೊಂದಿದೆ. ಅನುಭವಿ ಬೆಳೆಗಾರರೊಬ್ಬರು ‘ಹತ್ತು ವರ್ಷಕ್ಕೆ ಎರಡು ಸಲ’ ಎಂದರೆ ಅದನ್ನು 10 ವರ್ಷಗಳ ಕಾಲ್ಪನಿಕ ದಾಖಲೆ ಎಂದು ಪರಿಗಣಿಸುವುದು. ಮುಂದಿನ 5 ವರ್ಷಗಳಲ್ಲಿ 3 ಸಲ ಸಂಭವಿಸಿದರೆ ಅಂದಾಜು 15ರಲ್ಲಿ 5, ಅಂದರೆ ಶೇ 33. ಹೇಳಿದವರ ಮೇಲೆ ನಂಬಿಕೆ ಕಡಿಮೆಯಿದ್ದರೆ ಕಾಲ್ಪನಿಕ ವರ್ಷಗಳನ್ನು ಕಡಿಮೆ ಮಾಡಿದರಾಯಿತು. ಬಾಣಗಳು ಹೆಚ್ಚಿದಾಗ ಕೋಷ್ಟಕ ಉಬ್ಬುವ ತೊಂದರೆಗೂ ಉಪಾಯವಿದೆ: ಐದು ಕಾರಣಗಳು ಸ್ವತಂತ್ರವಾಗಿ ಒಂದೇ ಪರಿಣಾಮವನ್ನು ಉಂಟುಮಾಡಬಲ್ಲವು ಎಂದಾದರೆ 32 ಸಾಲುಗಳ ಬದಲು ಪ್ರತಿ ಕಾರಣಕ್ಕೆ ಒಂದರಂತೆ ಐದು ಅಂಕಿಗಳು ಸಾಕು. ಒಂದು ಕಾರಣ ಒಂಟಿಯಾಗಿ ಶೇ 30, ಇನ್ನೊಂದು ಶೇ 40 ಸಂಭವ ತಂದರೆ ಎರಡೂ ಇದ್ದಾಗ ಶೇ 70 ಅಲ್ಲ, ಶೇ 58.

ಜನರನ್ನು ಕೇಳುವಾಗ ಒಂದು ಎಚ್ಚರ ಬೇಕು. 2018 ಅನ್ನು ಕಣ್ಣಾರೆ ಕಂಡವರು ಕುಸಿತದ ಸಂಭವವನ್ನು ಹೆಚ್ಚಿಸಿ ಹೇಳಬಹುದು, ಅದಕ್ಕಿಂತ ಹಿಂದಿನ ನಿಶ್ಚಿಂತ ಮಳೆಗಾಲಗಳನ್ನೇ ನೆನೆಯುವವರು ತಗ್ಗಿಸಿ ಹೇಳಬಹುದು. ಆದ್ದರಿಂದ ಬೇರೆ ಬೇರೆಯವರನ್ನು ಪ್ರತ್ಯೇಕವಾಗಿ ಕೇಳಿ, ಅವರ ಉತ್ತರಗಳ ವ್ಯಾಪ್ತಿಯ ಎರಡೂ ತುದಿಗಳಲ್ಲಿ ಲೆಕ್ಕ ಮಾಡಿ ನೋಡಬೇಕು. ಎರಡೂ ತುದಿಗಳಲ್ಲಿ ನಿರ್ಧಾರ ಒಂದೇ ಆದರೆ ಆ ಅಂಕಿಗಾಗಿ ಹೆಚ್ಚು ಶ್ರಮಪಡಬೇಕಿಲ್ಲ. ನಿರ್ಧಾರ ತಿರುಗಿಬಿದ್ದರೆ ಮಾತ್ರ ಸಮೀಕ್ಷೆಗೆ ಹಣ ಖರ್ಚು ಮಾಡಬಹುದು.

ಪ್ರಶ್ನೆ: ಬಾಣ ಎಂದರೆ ಕಾರಣ ಎಂದೇ ತಿಳಿಯಬೇಕೇ?
– ಓದುಗರು, ಪೊನ್ನಂಪೇಟೆ

ಉತ್ತರ: ಲೆಕ್ಕದ ಮಟ್ಟಿಗೆ ಕಡ್ಡಾಯವಿಲ್ಲ, ನಿರ್ಧಾರದ ಮಟ್ಟಿಗೆ ಹೌದು. ಕಾಳುಮೆಣಸಿನ ಸೊರಗು ರೋಗವನ್ನೇ ನೋಡಿ. ಹಲವು ತೋಟಗಳ ದಾಖಲೆ ಕಲೆಹಾಕಿದಾಗ, ಶಿಲೀಂಧ್ರನಾಶಕವಾದ ಬೋರ್ಡೋ ದ್ರಾವಣ ಹೊಡೆದ ಬಳ್ಳಿಗಳಲ್ಲೇ ಸೊರಗು ಹೆಚ್ಚು ಕಂಡಿತು ಎಂದು ಊಹಿಸಿಕೊಳ್ಳಿ. ಹಾಗಾದರೆ ದ್ರಾವಣ ಬಿಡಬೇಕೇ? ರೋಗಕಾರಕ ಫೈಟಾಫ್ತೊರಾ ಬೆಳೆಯುವುದು ನೀರು ನಿಲ್ಲುವ ನೆಲದಲ್ಲಿ, ಬೆಳೆಗಾರರು ಮುತುವರ್ಜಿಯಿಂದ ದ್ರಾವಣ ಹೊಡೆಯುವುದೂ ಅಲ್ಲೇ. ನೀರು ನಿಲ್ಲುವ ನೆಲದಿಂದ ಎರಡಕ್ಕೂ ಬಾಣ ಎಳೆದು, ಒಂದೇ ಬಗೆಯ ನೆಲದ ಬಳ್ಳಿಗಳನ್ನು ಹೋಲಿಸಿದರೆ ದ್ರಾವಣದ ಉಪಯೋಗ ಕಾಣಬಹುದು. ದ್ರಾವಣ ಹೊಡೆದದ್ದನ್ನು ‘ನೋಡುವುದು’ ಬೇರೆ, ನಾವೇ ಹೋಗಿ ‘ಹೊಡೆಯುವುದು’ ಬೇರೆ. ಪರ್ಲ್ ಅವರ ಮುಂದಿನ ವರ್ಷಗಳ ಸಂಶೋಧನೆ ಬಹುಪಾಲು ಈ ವ್ಯತ್ಯಾಸವನ್ನೇ ಕುರಿತದ್ದು.

ಪ್ರಶ್ನೆ: ಇದನ್ನೆಲ್ಲ ಮಾಡಲು ಕಂಪ್ಯೂಟರ್ ಬೇಕೇ? ಯಾವ ತಂತ್ರಾಂಶ?
– ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ಐದಾರು ಗಂಟುಗಳವರೆಗೆ ಕಾಗದ, ಪೆನ್ಸಿಲು ಸಾಕು, ಮೇಲಿನ ಲೆಕ್ಕಗಳನ್ನು ಹಾಗೆಯೇ ಮಾಡಬಹುದು. ಅದಕ್ಕಿಂತ ಹೆಚ್ಚಾದರೆ ಆರ್ ಭಾಷೆಯ ಬಿಎನ್‌ಲರ್ನ್ ಅಥವಾ ಪೈಥಾನ್‌ನ ಪಿಜಿಎಂಪೈ ಉಚಿತವಾಗಿ ಸಿಗುತ್ತವೆ. ಜೀನಿ, ನೆಟಿಕಾ, ಹ್ಯೂಗಿನ್ ಎಂಬವುಗಳಲ್ಲಿ ಚಿತ್ರವನ್ನು ತೆರೆಯ ಮೇಲೆಯೇ ಬರೆಯಬಹುದು. ಜಾಲ ದೊಡ್ಡದಾಗಿ ಬಾಣಗಳು ಒಂದಕ್ಕೊಂದು ಹೆಣೆದುಕೊಂಡರೆ ನಿಖರ ಲೆಕ್ಕ ಕಂಪ್ಯೂಟರಿಗೂ ಕೈಮೀರಬಹುದೆಂದು 1990ರಲ್ಲೇ ಗಣಿತೀಯವಾಗಿ ಸಾಬೀತುಪಡಿಸಲಾಗಿದೆ. ಅಂಥಲ್ಲಿ ಮಾದರಿ ಎತ್ತಿ ಅಂದಾಜು ಮಾಡುತ್ತಾರೆ.

ಪ್ರಶ್ನೆ: ಮಾರ್ಚ್ ತಿಂಗಳಲ್ಲಿ ರೊಬಸ್ಟಾ ಕಾಫಿಯ ಮೊಗ್ಗು ಸಿದ್ಧವಾಗಿ ನಿಂತಾಗ ಸ್ಪ್ರಿಂಕ್ಲರ್ ಹಾಕಬೇಕೇ, ಹೂಮಳೆಗೆ ಕಾಯಬೇಕೇ ಎಂಬುದೇ ನಮ್ಮ ಪ್ರತಿ ವರ್ಷದ ಪ್ರಶ್ನೆ. ಹಣ ಕೊಟ್ಟು ಖಾಸಗಿ ಮುನ್ಸೂಚನೆ ಪಡೆಯುವುದು ಲಾಭವೇ?
– ಬೆಳೆಗಾರರು, ಗೋಣಿಕೊಪ್ಪ

ಉತ್ತರ: ಸಂಗತಿಗಳ ಗಂಟುಗಳ ಜೊತೆಗೆ ನಿರ್ಧಾರದ ಗಂಟು, ನಷ್ಟದ ಗಂಟು ಎಂದು ಇನ್ನೆರಡನ್ನು ಸೇರಿಸಿದರೆ ಬೇಯ್ಸ್ ಜಾಲವು ನಿರ್ಧಾರದ ಚಿತ್ರವಾಗುತ್ತದೆ. ನಿಮ್ಮ ಪ್ರಶ್ನೆ ಅದಕ್ಕೆ ಹೇಳಿ ಮಾಡಿಸಿದಂತಿದೆ.

ಒಂದು ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲು ಡೀಸೆಲ್, ಕೂಲಿ ಸೇರಿ 60,000 ರೂಪಾಯಿ, ಕಾದು ಮಳೆ ಬಾರದೆ ಹೂ ಕೆಟ್ಟರೆ 3 ಲಕ್ಷ ರೂಪಾಯಿ ನಷ್ಟ ಎನ್ನಿ. ‘ಮಳೆ’ ಎಂದರೆ ಇಲ್ಲಿ ಹೂ ಅರಳಿಸಲು ಸಾಲುವಷ್ಟು, ಅಂದರೆ ಸುಮಾರು ಒಂದು ಇಂಚಾದರೂ ಬರಬೇಕು. ಹತ್ತಿಪ್ಪತ್ತು ಸೆಂಟಿನ (ಒಂದು ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ತುಂತುರನ್ನು ಈ ಲೆಕ್ಕದಲ್ಲಿ ಮಳೆ ಎನ್ನುವಂತಿಲ್ಲ. ಸಕಾಲಕ್ಕೆ ಅಂಥ ಮಳೆ ಬರುವ ಸಂಭವ ಹಿಂದಿನ ದಾಖಲೆಯಂತೆ ಶೇ 60 ಇದ್ದರೆ ಕಾಯುವುದರ ಸರಾಸರಿ ನಷ್ಟ 1,20,000 ರೂಪಾಯಿ. ಹಾಗಾಗಿ ಬೇರೇನೂ ತಿಳಿಯದಿದ್ದರೆ ಸ್ಪ್ರಿಂಕ್ಲರ್ ಹಾಕುವುದೇ ಸರಿ. 60,000ವನ್ನು 3 ಲಕ್ಷದಿಂದ ಭಾಗಿಸಿದರೆ ಶೇ 20 ಬರುವುದರಿಂದ, ಮಳೆಯ ಸಂಭವ ಶೇ 80 ದಾಟಿದಾಗ ಮಾತ್ರ ಕಾಯಬಹುದು. ‘ಹೆಚ್ಚೂಕಡಿಮೆ ಬರುತ್ತದೆ’ ಎಂಬ ಭರವಸೆ ಇಲ್ಲಿ ಸಾಲದು.

ಈಗ ಮುನ್ಸೂಚನೆಯ ವಿಚಾರ. ಮಳೆ ಬಂದ ಸಂದರ್ಭಗಳಲ್ಲಿ ಶೇ 80ರಷ್ಟು ಬಾರಿ ಅದು ‘ಬರುತ್ತದೆ’ ಎಂದಿತ್ತು, ಬಾರದ ಸಂದರ್ಭಗಳಲ್ಲೂ ಶೇ 25ರಷ್ಟು ಬಾರಿ ಹಾಗೆಯೇ ಎಂದಿತ್ತು ಎನ್ನೋಣ. ‘ಬರುತ್ತದೆ’ ಎಂದಾಗ ಮಳೆಯ ಸಂಭವ ಸುಮಾರು ಶೇ 83, ಗೆರೆಗಿಂತ ಸ್ವಲ್ಪ ಮೇಲೆ, ಕಾಯಬಹುದು. ‘ಬರುವುದಿಲ್ಲ’ ಎಂದಾಗ ಶೇ 29ಕ್ಕೆ ಇಳಿಯುತ್ತದೆ, ಸ್ಪ್ರಿಂಕ್ಲರ್ ಹಾಕಬೇಕು. ಹೀಗೆ ನಡೆದರೆ ಸರಾಸರಿ ವೆಚ್ಚ 60,000ದಿಂದ 55,200 ರೂಪಾಯಿಗೆ ಇಳಿಯುತ್ತದೆ. ಆದ್ದರಿಂದ ಈ ಮುನ್ಸೂಚನೆಗೆ ನೀವು ಒಂದು ಹಂಗಾಮಿಗೆ ಕೊಡಬಹುದಾದ ಗರಿಷ್ಠ ಬೆಲೆ 4,800 ರೂಪಾಯಿ. ಎಂದಿಗೂ ತಪ್ಪದ ಮುನ್ಸೂಚನೆ ಸಿಗುವಂತಿದ್ದರೆ ಅದರ ಬೆಲೆ 36,000 ರೂಪಾಯಿ ಆಗುತ್ತಿತ್ತು. ಅದಕ್ಕಿಂತ ಹೆಚ್ಚು ಕೇಳುವವರನ್ನು ಲೆಕ್ಕ ಹಾಕದೆಯೇ ಕಳಿಸಿಬಿಡಬಹುದು.

ಹೂ ಅರಳಿದ ಎರಡು ಮೂರು ವಾರಗಳ ನಂತರ ಕಾಯಿ ಕಟ್ಟಲು ಬೇಕಾಗುವ ಎರಡನೆಯ ಮಳೆಯನ್ನು, ಅಂದರೆ ಬ್ಯಾಕಿಂಗ್ ಮಳೆಯನ್ನು, ನಾನಿಲ್ಲಿ ಸೇರಿಸಿಲ್ಲ. ಕೆರೆಯ ನೀರು ಒಂದೇ ಸುತ್ತಿಗೆ ಸಾಲುವಷ್ಟಿದ್ದರೆ ಅದು ದೊಡ್ಡ ಕೊರತೆ, ಏಕೆಂದರೆ ಇಂದು ಹಾಕಿದ ನೀರು ಅಂದಿಗೆ ಇರುವುದಿಲ್ಲ. ಆಗ ಕೆರೆಯ ನೀರಿನ ಮಟ್ಟ, ಎರಡನೆಯ ಮಳೆ, ಎರಡನೆಯ ನಿರ್ಧಾರ ಇವು ಮೂರನ್ನೂ ಚಿತ್ರಕ್ಕೆ ತರಬೇಕಾಗುತ್ತದೆ. ಮುನ್ಸೂಚನೆ ಕೊಳ್ಳುವ ಮೊದಲು, ಅವರು ‘ಬರುತ್ತದೆ’ ಎಂದು ಮಳೆ ಬಾರದೆ ಹೋದ ಸಂದರ್ಭಗಳ ದಾಖಲೆಯನ್ನು ಕೇಳಿ ಪಡೆಯಿರಿ. ಮೇಲಿನ ಲೆಕ್ಕದಲ್ಲಿ ಶೇ 25 ಎಂಬುದು ಶೇ 30 ಆದರೆ ‘ಬರುತ್ತದೆ’ ಎಂದಾಗಿನ ಸಂಭವ ಸರಿಯಾಗಿ ಶೇ 80ರ ಗೆರೆಯ ಮೇಲೆ ಬಂದು ನಿಲ್ಲುತ್ತದೆ, ನಿಮ್ಮ ಪಾಲಿಗೆ ಆ ಮುನ್ಸೂಚನೆಯ ಬೆಲೆ ಸೊನ್ನೆಯಾಗುತ್ತದೆ. ಹೊಳೆಯಿಂದ ದೂರವಿದ್ದು ನೀರೆತ್ತಲು ನಿಮಗಿಂತ ಹೆಚ್ಚು ಖರ್ಚಾಗುವ ಪಕ್ಕದ ತೋಟದವರ ಗೆರೆ ಶೇ 80ಕ್ಕಿಂತ ಕೆಳಗಿರುವುದರಿಂದ, ಅದೇ ಮುನ್ಸೂಚನೆಗೆ ಅವರು ಆಗಲೂ ಹಣ ಕೊಡಬಹುದು.